ದೊಡ್ಡವರಾದ್ಮೇಲೆ ಬಂದ ಟೈಪ್ 1 ಶುಗರ್: ಪದೇ ಪದೇ ಕೇಳೋ ಪ್ರಶ್ನೆಗಳು

ನಂಗೆ ಟೈಪ್ 1 ಅಂತ ಗೊತ್ತಾಗಿದ್ದು 33ನೇ ವಯಸ್ಸಲ್ಲಿ. ತುಮಕೂರಲ್ಲಿ ಬ್ಯಾಂಕ್ ಕೆಲಸ, ಕ್ಯಾಶ್ ಕೌಂಟರಲ್ಲಿ ಕೂರ್ತಿದ್ದೆ, ಮನೇಲಿ ನಾಲ್ಕು ವರ್ಷದ ಮಗಳು. ಈಗ ಹತ್ತು ವರ್ಷ ಆಯ್ತು. ಆವಾಗಿಂದ ಯಾರಿಗಾದ್ರೂ ಹೊಸದಾಗಿ ಬಂದ್ರೆ "ಅವರ ಹತ್ರ ಒಂದ್ಸಲ ಮಾತಾಡು" ಅಂತ ನನ್ನ ಕಡೆ ಕಳಿಸ್ತಾರೆ. ಫೋನಲ್ಲಿ, ಮದುವೆ ಮನೇಲಿ, ಕ್ಲಿನಿಕ್ಕಿನ ಬೆಂಚ್ ಮೇಲೆ, ರಾತ್ರಿ ಹನ್ನೊಂದಕ್ಕೆ ಬರೋ ಉದ್ದುದ್ದ ಮೆಸೇಜಲ್ಲಿ, ಎಲ್ಲಾ ಕಡೆ ಕೇಳೋದು ಹೆಚ್ಚುಕಮ್ಮಿ ಇವೇ, ಅದಕ್ಕೆ ಒಂದು ಕಡೆ ಬರೆದಿಟ್ಟಿದೀನಿ. ಡೋಸ್ ಎಷ್ಟು, ಯಾವ ಇನ್ಸುಲಿನ್ ಅನ್ನೋದೆಲ್ಲ ಡಾಕ್ಟರ್ ಕೆಲಸ. ಡಾಕ್ಟರ್ ಮುಂದೆ ಕೂತಾಗ ಬಾಯಿಗೆ ಬರದೆ ಉಳಿದು, ಆಟೋ ಹತ್ತಿದ ಮೇಲೆ ನೆನಪಾಗತ್ತಲ್ಲ, ಇಲ್ಲಿರೋದು ಆ ಥರದ್ದು.

## ಮೊದಮೊದಲು

ಅಕ್ಕ, ಟೈಪ್ 1 ಚಿಕ್ಕ ಮಕ್ಕಳಿಗೆ ಬರೋದಲ್ವಾ? ನಂಗೀಗ 36, ನಂಗೆ ಹೇಗೆ ಬಂತು?

ಮೊದಲು ಇದನ್ನ ಜುವೆನೈಲ್ ಡಯಾಬಿಟಿಸ್ ಅಂತಿದ್ರು, ಆ ಹೆಸರು ಹೋದ್ರೂ ಅದರ ನೆರಳು ಹೋಗಿಲ್ಲ. ಯಾವ ವಯಸ್ಸಲ್ಲಾದ್ರೂ ಬರತ್ತೆ. ಸೋಂಕಿನ ವಿರುದ್ಧ ಹೋರಾಡಬೇಕಾದ ನಮ್ಮ ಇಮ್ಯೂನ್ ಸಿಸ್ಟಮ್ಮೇ ಪ್ಯಾಂಕ್ರಿಯಾಸಲ್ಲಿ ಇನ್ಸುಲಿನ್ ತಯಾರು ಮಾಡೋ ಬೀಟಾ ಕಣಗಳ ಮೇಲೆ ಬಿದ್ದು ಅವನ್ನ ಹಾಳು ಮಾಡತ್ತೆ, ಮಕ್ಕಳಲ್ಲಿ ಸಾಮಾನ್ಯವಾಗಿ ಬೇಗ, ದೊಡ್ಡವರಲ್ಲಿ ಒಮ್ಮೊಮ್ಮೆ ತಿಂಗಳುಗಟ್ಟಲೆ ವರ್ಷಗಟ್ಟಲೆ ನಿಧಾನವಾಗಿ. ಈ ನಿಧಾನದ್ದಕ್ಕೆ ಲಾಡಾ ಅಂತ ಬೇರೆ ಹೆಸರೂ ಇದೆ. ವಾಸಿಂ ಅಕ್ರಂಗೆ 1997ರಲ್ಲಿ, ಮೂವತ್ತರ ಆಸುಪಾಸಲ್ಲಿ, ಇನ್ನೂ ಆಡ್ತಿರೋವಾಗ್ಲೇ ಬಂತು, ಆಮೇಲೂ 2003ರ ತನಕ ಆಡಿದ್ರು, ಒನ್‌ಡೇಲಿ 500ನೇ ವಿಕೆಟ್ ತೆಗೆದಿದ್ದೂ ಇನ್ಸುಲಿನ್ ಚುಚ್ಕೊಂಡೇ. ಬ್ರಿಟನ್ನಿನ ಥೆರೆಸಾ ಮೇಗೆ 2012ರಲ್ಲಿ, 56ನೇ ವಯಸ್ಸಲ್ಲಿ. ಮೊದಲು ಟೈಪ್ 2, ಅಂದ್ರೆ ಇನ್ಸುಲಿನ್ ತಯಾರಾದ್ರೂ ಮೈಗೆ ಸಾಲದೆ ಬರೋ, ಹೆಚ್ಚು ಜನರಿಗಿರೋ ಶುಗರ್ ಅಂತ ಮಾತ್ರೆ ಕೊಟ್ರು, ಮಾತ್ರೆ ಕೆಲಸ ಮಾಡ್ಲಿಲ್ಲ ಅಂದ್ಮೇಲೆ ಟೈಪ್ 1 ಅಂತ ಗೊತ್ತಾಗಿದ್ದು. ಪ್ರಧಾನಿ ಆಗಿದ್ದು ಅದಾದ್ಮೇಲೆ.

ನಂಗೂ ಹಂಗೇ ಆಗಿದ್ದು. ಐದು ತಿಂಗಳು ಮಾತ್ರೆ ನುಂಗಿದೆ, 58 ಕೆಜಿ ಇದ್ದವಳು 47ಕ್ಕೆ ಇಳಿದೆ, ಪಕ್ಕದ ಮನೆಯವರು "ಯಾವ ಡಯಟ್ಟು ಹೇಳ್ರೀ" ಅಂತ ಕೇಳ್ತಿದ್ರು, ನಾನೋ ರಾತ್ರಿ ಆರಾರು ಸಲ ಎದ್ದು ಬಾತ್‌ರೂಮಿಗೆ ಓಡ್ತಿದ್ದೆ. ನೀವು ಸಣ್ಣಗಿದೀರಿ, ಇನ್ನೂ ಸಣ್ಣ ಆಗ್ತಿದೀರಿ, ಮಾತ್ರೆಗೆ ಶುಗರ್ ಇಳೀತಿಲ್ಲ ಅಂದ್ರೆ ಜಿಎಡಿ ಆಂಟಿಬಾಡಿ (ಇಮ್ಯೂನ್ ಸಿಸ್ಟಮ್ ದಾಳಿ ಮಾಡ್ತಿದೆಯಾ ನೋಡೋದು) ಮತ್ತೆ ಸಿ-ಪೆಪ್ಟೈಡ್ (ಮೈಲಿ ಇನ್ಸುಲಿನ್ ಎಷ್ಟು ತಯಾರಾಗ್ತಿದೆ ನೋಡೋದು) ಟೆಸ್ಟ್ ಬೇಕಾ ಅಂತ ನೀವೇ ಬಾಯ್ಬಿಟ್ಟು ಕೇಳಿ, ಡಾಕ್ಟರಿಗೆ ಎದುರು ಮಾತಾಡಿದಂಗೆ ಆಗತ್ತೇನೋ ಅಂತ ಸುಮ್ನಿರಬೇಡಿ.

ನಾನೇನು ತಪ್ಪು ಮಾಡಿದ್ದಕ್ಕೆ ಬಂತು? ಸ್ವೀಟ್ ತುಂಬಾ ತಿಂತಿದ್ದೆ, ಟೆನ್ಷನ್ನೂ ಇತ್ತು

ತಪ್ಪು ಮಾಡಿಲ್ಲ. ಸ್ವೀಟಿಂದ ಟೈಪ್ 1 ಬರಲ್ಲ. ಬರೋದಕ್ಕೆ ಸ್ವಲ್ಪ ಜೀನ್ಸು, ಸ್ವಲ್ಪ ಹೊರಗಿನ ಯಾವುದೋ ಪ್ರಚೋದನೆ ಅಂತಾರೆ, ಅದು ಇಂಥದ್ದೇ ಅಂತ ಯಾರೂ ಬೆರಳಿಟ್ಟು ತೋರಿಸಿಲ್ಲ.

ನಮ್ಮಲ್ಲಿ ತೊಂದರೆ ಏನಂದ್ರೆ ಟೈಪ್ 1, ಟೈಪ್ 2 ಎರಡಕ್ಕೂ ಒಂದೇ ಪದ, "ಶುಗರ್". ಶುಗರ್ ಅಂದ ತಕ್ಷಣ ಎದುರಿಗಿರೋರಿಗೆ ಅವರ ಮಾವ, ಅವರ ಓನರ್, ಬೆಳಗ್ಗೆ ಪಾರ್ಕಲ್ಲಿ ವಾಕ್ ಮಾಡೋ ಅಂಕಲ್ ಕಣ್ಣಮುಂದೆ ಬರ್ತಾರೆ, ಆಮೇಲೆ ಬರೋದೇ "ವಾಕಿಂಗ್ ಮಾಡ್ಬೇಕಿತ್ತು, ಬಾಯಿ ಕಟ್ಬೇಕಿತ್ತು". ಟೈಪ್ 2 ಬಂದವರಿಗೂ ಹಂಗೆ ಅನ್ನೋದು ಸರಿ ಅಲ್ಲ ಬಿಡಿ. "ಪೂರ್ವಜನ್ಮದ್ದು" ಅಂದವರೂ ಇದಾರೆ ನಂಗೆ, ಅದೂ ನನ್ನ ಮನೇಲೇ ಕೂತು ಕಾಫಿ ಕುಡೀತಾ. ಈಗ ನಾನು ಒಂದೇ ಲೈನ್ ಹೇಳೋದು: "ನನ್ನ ಮೈಲಿ ಇನ್ಸುಲಿನ್ ತಯಾರಾಗೋದು ನಿಂತೋಗಿದೆ, ಹೊರಗಿಂದ ಹಾಕ್ಕೋತೀನಿ, ಥೈರಾಯ್ಡ್ ಮಾತ್ರೆ ತಗೊಳ್ತಾರಲ್ಲ ಹಂಗೆ." ಥೈರಾಯ್ಡಿನ ಹೋಲಿಕೆ ಪೂರ್ತಿ ಸರಿಯಲ್ಲ, ಅಲ್ಲಿ ಬೆಳಗ್ಗೆ ಒಂದು ಮಾತ್ರೆ ನುಂಗಿದ್ರೆ ಆಯ್ತು, ಇಲ್ಲಿ ತಿನ್ನೋದಕ್ಕೆಲ್ಲ ಎಷ್ಟು ಇನ್ಸುಲಿನ್ ಅಂತ ದಿನವಿಡೀ ಲೆಕ್ಕ. ಆದ್ರೆ ಅಷ್ಟು ಹೇಳಿದ್ರೆ ಎದುರಿನವರು ಸುಮ್ನಾಗ್ತಾರೆ, ಅಷ್ಟು ಸಾಕು.

ಗೊತ್ತಾದಾಗಿಂದ ಅಳು ನಿಲ್ತಿಲ್ಲ. ಇಷ್ಟು ದೊಡ್ಡವಳಾಗಿ ಹಿಂಗೆ ಅಳೋದಾ?

ಅಳ್ರೀ. ನಾನಂತೂ ಬ್ಯಾಂಕಿನ ಸ್ಟ್ರಾಂಗ್ ರೂಮಲ್ಲಿ ಅತ್ತಿದೀನಿ, ಅಲ್ಲಿ ಯಾರೂ ಬರಲ್ಲ ಅಂತ.

ಆರು ವರ್ಷದ ಮಗುಗೆ ಬಂದ್ರೆ ಅಮ್ಮ ಚುಚ್ತಾಳೆ, ಅಪ್ಪ ಶುಗರ್ ಚೆಕ್ ಮಾಡೋ ಸ್ಟ್ರಿಪ್ ತರ್ತಾನೆ, ರಾತ್ರಿ ಎರಡಕ್ಕೆ ಅಲಾರಾಂ ಇಟ್ಟು ಏಳೋದು ಅವರು. 33ಕ್ಕೆ ಬಂದ್ರೆ ಅಮ್ಮನೂ ನಾನೇ ರೋಗಿನೂ ನಾನೇ. ಅಷ್ಟರಲ್ಲಿ ಕೆಲಸ, ಇಎಂಐ, ಮಗುವಿನ ಸ್ಕೂಲು, ಅತ್ತೆಯ ಮಂಡಿನೋವು ಎಲ್ಲಾ ಒಂದೊಂದು ಜಾಗದಲ್ಲಿ ಕೂತಿರತ್ತೆ, ಅದರ ಮಧ್ಯೆ ಇದನ್ನ ಎಲ್ಲಿ ತುರುಕೋದು? ಇನ್ನೊಂದು ವಿಷಯ ಯಾರೂ ಹೇಳಲ್ಲ. ಮಗುಗೆ ಮೊದಲಿನ ಬದುಕು ಅಷ್ಟಾಗಿ ನೆನಪಿರಲ್ಲ, ನಮಗೆ ಇರತ್ತೆ. ಸಂಜೆ ಬಿಇಓ ಆಫೀಸ್ ಎದುರು ಗಾಡಿ ಹತ್ರ ನಿಂತು ಲೆಕ್ಕ ಹಾಕ್ದೆ ಮಸಾಲೆ ಪುರಿ ತಿಂತಿದ್ದ ಒಬ್ಬಳು ಇದ್ಲಲ್ಲ, ಅವಳು ಇನ್ನಿಲ್ಲ ಅನ್ನೋ ದುಃಖ ಅದು. ಮಸಾಲೆ ಪುರಿ ಈಗಲೂ ತಿಂತೀನಿ. ಲೆಕ್ಕ ಹಾಕ್ದೆ ತಿನ್ನೋದು ಮಾತ್ರ ಹೋಯ್ತು.

ಎರಡು ತಿಂಗಳಾದ್ಮೇಲೆ ಇನ್ಸುಲಿನ್ ತುಂಬಾ ಕಮ್ಮಿ ಸಾಕಾಗ್ತಿದೆ, ವಾಸಿ ಆಗ್ತಿದೆಯಾ?

ಇದಕ್ಕೆ ಹನಿಮೂನ್ ಅಂತಾರೆ, ಯಾರು ಇಟ್ರೋ ಈ ಹೆಸರು. ಹೊರಗಿಂದ ಇನ್ಸುಲಿನ್ ಬಂದ್ಮೇಲೆ ಉಳಿದಿರೋ ಬೀಟಾ ಕಣಗಳಿಗೆ ಸ್ವಲ್ಪ ಉಸಿರಾಡೋಕೆ ಬಿಡುವು ಸಿಕ್ಕಿ ಕೆಲವು ತಿಂಗಳು, ದೊಡ್ಡವರಲ್ಲಿ ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಕಾಲ, ಕೆಲಸ ಮಾಡ್ತವೆ. ಆಮೇಲೆ ಮುಗಿಯತ್ತೆ. ಡೋಸ್ ಮತ್ತೆ ಏರಿದ ದಿನ ಮೊದಲ ದಿನಕ್ಕಿಂತ ಜಾಸ್ತಿ ಅತ್ತಿದ್ದೆ ನಾನು, ಯಾಕಂದ್ರೆ ಅಷ್ಟರಲ್ಲಿ ದೇವರಿಗೆ ಹರಕೆ ಹೊತ್ತು, ತೀರಿಸೋಕೂ ರೆಡಿಯಾಗಿದ್ದೆ. ಮೊದಲೇ ಯಾರಾದ್ರೂ ಹೇಳಿದ್ರೆ ಅಷ್ಟು ಎತ್ತರದಿಂದ ಬೀಳ್ತಿರಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ. ಈ ಟೈಮಲ್ಲಿ ಲೋ ಆಗೋದೂ, ಅಂದ್ರೆ ಶುಗರ್ ತೀರಾ ಕೆಳಗೆ ಇಳಿಯೋದೂ ಉಂಟು, ಡಾಕ್ಟರಿಗೆ ಹೇಳಿ ಡೋಸ್ ಕಮ್ಮಿ ಮಾಡಿಸ್ಕೊಳ್ಳಿ, ನೀವೇ ನಿಲ್ಲಿಸಬೇಡಿ.

## ಮನೆ, ನೆಂಟರು, ಊಟದ ಎಲೆ

ನಮ್ಮತ್ತೆ ಅಮೃತಬಳ್ಳಿ ಕಷಾಯ ಕುಡಿದು ಇನ್ಸುಲಿನ್ ಬಿಡು ಅಂತಾರೆ. ಜಗಳ ಆಗ್ದೆ ಹೇಗೆ ಹೇಳೋದು?

ಕಷಾಯದ ವಿಷಯ ಡಾಕ್ಟರ್ ಹತ್ರ ಕೇಳ್ತೀನಿ ಅನ್ನಿ, ಇನ್ಸುಲಿನ್ ಬಿಡೋ ವಿಷಯ ಮಾತ್ರ ಚರ್ಚೆಗೇ ಇಲ್ಲ ಅನ್ನಿ. ಇದರಲ್ಲಿ ನಾನು ಸಮಾಧಾನದ ಮಾತಾಡಲ್ಲ. ಟೈಪ್ 1 ಇರೋರು ಇನ್ಸುಲಿನ್ ಪೂರ್ತಿ ಬಿಟ್ರೆ ಒಂದೆರಡು ದಿನದೊಳಗೇ ಕೀಟೋನ್, ಅಂದ್ರೆ ಇನ್ಸುಲಿನ್ ಇಲ್ದೆ ಮೈ ಕೊಬ್ಬು ಕರಗಿಸಿದಾಗ ಬರೋ ಆಮ್ಲ, ರಕ್ತದಲ್ಲಿ ಏರಿ, ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗಿ ಐಸಿಯುಗೆ ಹೋಗೋ ಸ್ಥಿತಿ ಬರಬಹುದು, ಜೀವವೂ ಹೋಗಬಹುದು. ಹಾಗಲಕಾಯಿ, ಮೆಂತ್ಯ, ಮಧುನಾಶಿನಿ ಯಾವುದೂ ಇಲ್ಲದ ಇನ್ಸುಲಿನ್ನನ್ನ ಹುಟ್ಟಿಸಲ್ಲ.

ನಮ್ಮತ್ತೆಗೆ ಅರ್ಥ ಆಗಿದ್ದು ಒಂದು ಕಥೆಯಿಂದ. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಇನ್ಸುಲಿನ್ ಕಂಡುಹಿಡಿದು, 1922ರ ಜನವರಿಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14 ವರ್ಷದ ಹುಡುಗನಿಗೆ ಮೊದಲ ಸಲ ಕೊಟ್ರು. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಕ್ಕಳನ್ನ ಉಪವಾಸ ಕೆಡವಿ ಇನ್ನೊಂದಷ್ಟು ದಿನ ಉಳಿಸ್ಕೊಳ್ಳೋದು ಬಿಟ್ರೆ ಬೇರೆ ದಾರಿ ಇರಲಿಲ್ಲ. "ಹಂಗಾದ್ರೆ ಆಗ ಬಂದಿದ್ರೆ ನೀನು ಇರ್ತಿರಲಿಲ್ವಾ" ಅಂದ್ರು. ಇಲ್ಲ ಅಂದೆ. ಮಾರನೇ ದಿನದಿಂದ ಫ್ರಿಜ್ ಬಾಗಿಲಲ್ಲಿರೋ ನನ್ನ ಡಬ್ಬಿ ಪಕ್ಕ ಹುಣಸೆಹಣ್ಣಿನ ಡಬ್ಬಿ ಇಡೋದನ್ನ ಅವರೇ ನಿಲ್ಲಿಸಿದ್ರು. ವಾದ ಮಾಡಿದ್ರೆ ಹಿಂಗೆ ಆಗ್ತಿರಲಿಲ್ಲ ಅನ್ಸತ್ತೆ.

ಮದುವೆ ಊಟಕ್ಕೆ ಕೂತ್ರೆ ಎಲ್ಲರ ಕಣ್ಣೂ ನನ್ನ ಎಲೆ ಮೇಲೆ. ಹೋಗೋದೇ ಬಿಟ್ಟಿದೀನಿ

ಮೊದಲ ವರ್ಷ ನಾನೂ ಬಿಟ್ಟಿದ್ದೆ, ಆಶೀರ್ವಾದ ಮಾಡಿ ಮುಯ್ಯಿ ಕೊಟ್ಟು ಹಂಗೇ ವಾಪಸ್. ಆಮೇಲೆ ಅನಿಸ್ತು, ಇದರಿಂದ ನಾನು ಕಳ್ಕೊಂಡಿದ್ದು ಹೋಳಿಗೆ ಅಲ್ಲ, ಪಕ್ಕದಲ್ಲಿ ಕೂತು ಮಾತಾಡೋ ಚಿಕ್ಕಮ್ಮಂದಿರನ್ನ.

ತಾಂತ್ರಿಕ ಕಷ್ಟ ನಿಜವಾಗ್ಲೂ ಇದೆ. ಊಟಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ಚುಚ್ಕೊಳ್ಳಿ ಅಂತಾರೆ ಡಾಕ್ಟರು. ಆದ್ರೆ ನಮ್ಮ ಕಡೆ ಛತ್ರದಲ್ಲಿ ಉಣ್ತಿರೋರ ಕುರ್ಚಿ ಹಿಂದೆ ನಿಂತು, ಅವರು ಮಜ್ಜಿಗೆಗೆ ಬಂದ್ರಾ ಅಂತ ಕಾಯ್ತಾ ಸೀಟ್ ಹಿಡೀಬೇಕು. ಒಂದ್ಸಲ ಹಿಂಗೇ ನಿಂತಾಗ ಚುಚ್ಕೊಂಡ್ಬಿಟ್ಟೆ, ನನ್ನ ಮುಂದಿನ ಕುರ್ಚಿಗೆ ಯಾರೋ ಅಜ್ಜಿನ ಕರ್ಕೊಂಡ್ಬಂದು ಕೂರಿಸಿದ್ರು, ಮುಂದಿನ ಪಂಕ್ತಿ ಬರೋಷ್ಟರಲ್ಲಿ ನಾನು ಅಡುಗೆಮನೆಗೆ ನುಗ್ಗಿ ಭಟ್ಟರ ಹತ್ರ ಸಕ್ಕರೆ ಕೇಳ್ತಿದ್ದೆ. ಈಗ ಕೋಸಂಬರಿ ಪಲ್ಯ ಬಡಿಸಿ ಅನ್ನ ಬರ್ತಾ ಇದೆ ಅನ್ನೋವಾಗ ಚುಚ್ಕೋತೀನಿ, ಸೀರೆ ಸೆರಗಿನ ಒಳಗೆ, ಐದು ಸೆಕೆಂಡ್. ಶುಗರ್ ಸ್ವಲ್ಪ ಏರತ್ತೆ, ಏರಲಿ.

"ಒಂದು ಹೋಳಿಗೆಗೆ ಏನಾಗಲ್ಲ" ಅನ್ನೋರು ಒಂದು ಕಡೆ, "ಅಯ್ಯೋ ಇವಳು ತಿಂತಿದಾಳೆ" ಅನ್ನೋರು ಇನ್ನೊಂದು ಕಡೆ, ಎರಡೂ ಒಂದೇ ಬೆಂಚಲ್ಲಿ. "ಲೆಕ್ಕ ಹಾಕಿದೀನಿ ಚಿಕ್ಕಮ್ಮ" ಅಂದ್ರೆ ಇಬ್ಬರಿಗೂ ಉತ್ತರ ಆಯ್ತು. ಅಂದಹಾಗೆ ಮುದ್ದೆ ತಿಂದ್ರೆ ಏರಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ರಾಗಿಲೂ ಕಾರ್ಬ್, ಅಂದ್ರೆ ಶುಗರ್ ಏರಿಸೋ ಪಿಷ್ಟ ಇದೆ, ಅದಕ್ಕೂ ಇನ್ಸುಲಿನ್ ಯೂನಿಟ್ ಹಾಕ್ಲೇಬೇಕು.

ನಮ್ಮನೆಯವರು ಕಾಳಜಿ ಮಾಡ್ತಾರೆ ಸರಿ, ಆದ್ರೆ ಪೊಲೀಸ್ ಥರ ಆಗ್ಬಿಟ್ಟಿದಾರೆ

"ಎಷ್ಟಿದೆ?" ಬೆಳಗ್ಗೆ ಎದ್ದ ತಕ್ಷಣ ಗಂಡ ಕೇಳೋ ಮೊದಲ ಮಾತು ಇದಾದ್ರೆ ಸಿಟ್ಟು ಬರದೆ ಇನ್ನೇನು ಬರತ್ತೆ. 240 ಅಂದ್ರೆ "ರಾತ್ರಿ ಏನು ತಿಂದೆ" ಅಂತ ವಿಚಾರಣೆ ಬೇರೆ. ಅವರ ಕಡೆಯಿಂದ ನೋಡಿದ್ರೆ ಅದು ಭಯ, ಒಂದ್ಸಲ ನಾನು ನಡುರಾತ್ರಿ ಬೆವೆತು ಉತ್ತರ ಕೊಡದೆ ಮಲಗಿದ್ದನ್ನ ಅವರು ನೋಡಿದಾರೆ, ಅದನ್ನ ನಾನು ನೋಡಿಲ್ಲವಲ್ಲ.

ನಾವು ಮಾಡ್ಕೊಂಡ ಒಪ್ಪಂದ ಇದು. ನಂಬರ್ ಕೇಳೋ ಹಾಗಿಲ್ಲ, ನಾನೇ ಹೇಳಿದ್ರೆ ಕೇಳಿಸ್ಕೊಳ್ಳೋದು. ಬದಲಿಗೆ ಸ್ಟ್ರಿಪ್ಪು ಸೂಜಿ ತರೋದು, ಇನ್ಸುಲಿನ್ ಪೆನ್ ಖಾಲಿಯಾಗೋ ಮುಂಚೆ ಆರ್ಡರ್ ಮಾಡೋದು, ಮಂಚದ ಪಕ್ಕದ ಗ್ಲೂಕೋಸ್ ಡಬ್ಬಿ ತುಂಬಿದೆಯಾ ನೋಡೋದು ಅವರ ಕೆಲಸ. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹುಯ್ಯಬಾರದು, ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡ್ಬೇಕು ಅನ್ನೋದನ್ನ ಕಲಿತಿದಾರೆ. ಕಾಳಜಿಗೆ ಒಂದು ಕೆಲಸ ಕೊಟ್ಟ ಮೇಲೆ ವಿಚಾರಣೆ ಕಮ್ಮಿ ಆಯ್ತು. ಪೂರ್ತಿ ನಿಂತಿಲ್ಲ, ಸುಳ್ಳು ಯಾಕೆ ಹೇಳ್ಲಿ.

ಚಿಕ್ಕ ಮಗು ಇದೆ ಮನೇಲಿ, ಅದರ ಮುಂದೆ ಚುಚ್ಕೋಬೇಕಾ?

ಬಚ್ಚಿಟ್ರೆ ಮಕ್ಕಳು ಅದಕ್ಕಿಂತ ಭಯಾನಕವಾದ್ದನ್ನ ಊಹಿಸ್ಕೋತಾರೆ. ನನ್ನ ಮಗಳು ಒಂದು ವಾರ ಬಾಗಿಲ ಸಂದಿಲಿ ನೋಡಿ ಆಮೇಲೆ ಬಂದು "ಅಮ್ಮ ನೀನು ಸಾಯ್ತೀಯಾ" ಅಂದ್ಲು. ಇದು ಸಾಯ್ದೆ ಇರೋಕೆ ಚುಚ್ಕೊಳ್ಳೋದು ಪುಟ್ಟ ಅಂದೆ. ಆವತ್ತಿಂದ ಪೆನ್ನಿನ ಗುಂಡಿ ತಿರುಗಿಸಿ ಯೂನಿಟ್ ಸೆಟ್ ಮಾಡೋದು ಅವಳ ಆಟ, ನೋಡ್ಕೊಂಡು ಚುಚ್ಕೊಳ್ಳೋದು ನನ್ನ ಕೆಲಸ.

ವ್ರತ, ಉಪವಾಸ ಎಲ್ಲಾ ಬಿಡ್ಬೇಕಾ?

ಡಾಕ್ಟರ್ ಜೊತೆ ಮೊದಲೇ ಕೂತು ಪ್ಲಾನ್ ಮಾಡದೆ ಉಪವಾಸ ಬೇಡ, ಏಕಾದಶಿ ಆಗ್ಲಿ ರಂಜಾನ್ ಆಗ್ಲಿ. ಊಟ ಇಲ್ಲ ಅಂತ ಬೇಸಲ್, ಅಂದ್ರೆ ದಿನಕ್ಕೊಂದ್ಸಲ ಹಾಕಿ ತುಂಬಾ ಹೊತ್ತು ನಿಧಾನವಾಗಿ ಕೆಲಸ ಮಾಡೋ ಇನ್ಸುಲಿನ್ ಬಿಡೋ ಹಾಗಿಲ್ಲ, ಅದು ಉಪವಾಸ ಇದ್ರೂ ಬೇಕು. ಕಾಯಿಲೆ ಇರೋರಿಗೆ ವಿನಾಯಿತಿ ಎಲ್ಲಾ ಧರ್ಮದಲ್ಲೂ ಇದೆ, ಕೊಡದೆ ಇರೋರು ನೆಂಟರು ಮಾತ್ರ. ನಾನು ವರಮಹಾಲಕ್ಷ್ಮಿಗೆ ಪೂಜೆ ಮುಗಿಯೋ ತನಕ ಕಾಯಲ್ಲ, ತಿಂಡಿ ತಿಂದೇ ಕಳಶ ಇಡೋದು.

## ಕೆಲಸ, ರಸ್ತೆ, ಸಂಬಂಧ

ಆಫೀಸಲ್ಲಿ ಹೇಳ್ಬೇಕಾ? ಪ್ರಮೋಷನ್ನಿಗೆ ತೊಂದ್ರೆ ಆಗಲ್ವಾ?

ನಾನು ಎಂಟು ತಿಂಗಳು ಹೇಳ್ಲಿಲ್ಲ. ಒಂದು ಸೋಮವಾರ, ತಿಂಗಳ ಮೊದಲ ವಾರ, ಕೌಂಟರ್ ಮುಂದೆ ಬಾಗಿಲ ತನಕ ಕ್ಯೂ. ನೂರರ ಕಟ್ಟು ಎಣಿಸ್ತಿದೀನಿ, 97 ಬಂತು, ಮತ್ತೆ ಎಣಿಸಿದೆ 103, ಮತ್ತೆ ಎಣಿಸಿದೆ ನಡುವೆ ಎಲ್ಲಿದೀನಿ ಅಂತ ಮರೆತೋಯ್ತು. ಬೆರಳು ನಡುಗ್ತಿದೆ, ನೋಟಿನ ಮೇಲೆ ಬೆವರು ಬೀಳ್ತಿದೆ, ಎದುರಿಗಿರೋ ಯಜಮಾನರು "ಏನಮ್ಮ ಎಣಿಸೋಕೆ ಬರಲ್ವಾ" ಅಂದ್ರು. ಡ್ರಾಯರಲ್ಲಿ ಚಾಕ್ಲೇಟ್ ಇತ್ತು, ಅದನ್ನ ತಿನ್ಬೇಕು ಅಂತ ಹೊಳೀಲೇ ಇಲ್ಲ. ಲೋ ಆದಾಗ ಬುದ್ಧಿಯೇ ಮಂಕಾಗತ್ತೆ, ಸಹಾಯ ಕೇಳೋ ಬುದ್ಧಿನೂ ಅದರಲ್ಲೇ ಹೋಗತ್ತೆ. ಸಂಜೆ ಕ್ಯಾಶ್ ಟ್ಯಾಲಿ ಆಗ್ಲಿಲ್ಲ, 2,000 ಶಾರ್ಟ್, ಕೈಯಿಂದ ಕಟ್ಟಿದೆ.

ಮಾರನೇ ದಿನ ಮ್ಯಾನೇಜರಿಗೂ ಪಕ್ಕದ ಕೌಂಟರಿನವಳಿಗೂ ಹೇಳಿದೆ. ಊರಿಗೆಲ್ಲ ಹೇಳ್ಬೇಕಾಗಿಲ್ಲ, ನೀವು ಬಿದ್ರೆ ಕೈಗೆಟುಕೋ ದೂರದಲ್ಲಿರೋ ಇಬ್ಬರಿಗೆ ಹೇಳಿ. "ನಾನು ಬೆವೆತು ಒಂಥರಾ ಮಾತಾಡಿದ್ರೆ, ಎಚ್ಚರ ಇದೀನಿ ನುಂಗ್ತೀನಿ ಅಂದ್ರೆ, ಈ ಡಬ್ಬಿಯಿಂದ ಗ್ಲೂಕೋಸ್ ಕೊಡು" ಅಷ್ಟೇ. ಪ್ರಮೋಷನ್ ವಿಷಯ ಕೇಳಿದ್ರಿ. ಹೇಳಿದ್ರಿಂದ ಕೆಲವರಿಗೆ ತೊಂದರೆ ಆಗಿರೋದು ಕೇಳಿದೀನಿ, ಆಗಲ್ಲ ಅಂತ ಗ್ಯಾರಂಟಿ ಕೊಡಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಲಿ ಟೈಪ್ 1 ಇಲ್ಲ, ಹಂಗಾಗಿ ಅದರ ರಕ್ಷಣೆ ಇದೆ ಅಂದ್ಕೋಬೇಡಿ. ಆದ್ರೂ ಮುಚ್ಚಿಡೋಕೆ ಶುಗರನ್ನ ಬೇಕಂತ್ಲೇ ಮೇಲಿಟ್ಕೊಂಡು ವರ್ಷಗಟ್ಟಲೆ ಕೆಲಸ ಮಾಡೋದಕ್ಕಿಂತ ಹೇಳೋದು ವಾಸಿ ಅನ್ನೋದು ನನ್ನ ಅಭಿಪ್ರಾಯ.

ಹೊರಗೆ ಹೋದಾಗ ಎಲ್ಲಿ ಚುಚ್ಕೊಳ್ಳೋದು? ಟಾಯ್ಲೆಟ್ಟಲ್ಲಿ ಚುಚ್ಕೊಂಡು ಬರ್ತೀನಿ, ಬೇಜಾರಾಗತ್ತೆ

ಹೋಟೆಲ್ ಟಾಯ್ಲೆಟ್ಟಲ್ಲಿ ಒಂದು ಕೈಲಿ ಪೆನ್ನು ಇನ್ನೊಂದು ಕೈಲಿ ಬಾಗಿಲು ಹಿಡ್ಕೊಂಡು ನಿಂತಿದ್ದು ನನಗೂ ನೆನಪಿದೆ. ಈಗ ಟೇಬಲ್ ಹತ್ರಾನೇ. ನೋಡ್ತಾರೆ, ಒಬ್ಬರು ಪಿಸುಗುಡ್ತಾರೆ, ದೋಸೆ ಬರತ್ತೆ, ಮರೀತಾರೆ. ನಿಮಗೆ ಆಗಲ್ಲ ಅಂದ್ರೆ ಬಲವಂತ ಏನಿಲ್ಲ, ಇದರಲ್ಲಿ ಧೈರ್ಯದ ಪರೀಕ್ಷೆ ಯಾರೂ ಇಟ್ಟಿಲ್ಲ. ವಿಮಾನದಲ್ಲಿ ಹೋಗೋದಾದ್ರೆ ಇನ್ಸುಲಿನ್ ಕೈ ಬ್ಯಾಗಲ್ಲೇ ಇರ್ಲಿ, ಡಾಕ್ಟರ್ ಚೀಟಿ ಜೊತೆ, ಕೆಳಗೆ ಹಾಕೋ ಲಗೇಜಲ್ಲಿ ಹೆಪ್ಪುಗಟ್ಟಿ ಹಾಳಾಗಬಹುದು.

ಲೋ ಆದಾಗ ಕುಡಿದಿದಾನೆ ಅಂದ್ಕೊಂಡು ಬಸ್ಸಿಂದ ಇಳಿಸಿದ್ರು. ಏನು ಮಾಡ್ಲಿ?

ಇದನ್ನ ಕೇಳಿದ್ದು ಒಬ್ಬ ಹುಡುಗ, ಮೆಜೆಸ್ಟಿಕ್ಕಿಂದ ಹೊರಟಿದ್ದ. ತೊದಲು, ತೂರಾಟ, ಸುಮ್ಸುಮ್ನೆ ಸಿಟ್ಟು, ನೋಡೋರಿಗೆ ಎರಡೂ ಒಂದೇ ಥರ ಕಾಣತ್ತೆ. ಅವಮಾನ ಮಾತ್ರ ನಮ್ಮದು. ಅವನು ಆಮೇಲೆ ಮೂರು ತಿಂಗಳು ಬಸ್ ಹತ್ತಲೇ ಇಲ್ಲ.

ಪರ್ಸಲ್ಲಿ ಕನ್ನಡದಲ್ಲೇ ಬರೆದ ಒಂದು ಚೀಟಿ ಇಟ್ಕೊಳ್ಳಿ: "ನನಗೆ ಡಯಾಬಿಟಿಸ್ ಇದೆ, ಇನ್ಸುಲಿನ್ ತಗೊಳ್ತೀನಿ, ತೊದಲ್ತಿದ್ರೆ ಸಕ್ಕರೆ ಕಮ್ಮಿಯಾಗಿದೆ ಅಂತ ಅರ್ಥ, ಎಚ್ಚರ ಇದ್ರೆ ಸಿಹಿ ಕೊಡಿ." 70ರ ಕೆಳಗೆ ಹೋದ್ರೆ 15 ಗ್ರಾಂ ಸಕ್ಕರೆ, ಅಂದ್ರೆ ಸುಮಾರು ಮೂರು ಟೀ ಚಮಚ, 15 ನಿಮಿಷ ಬಿಟ್ಟು ಮತ್ತೆ ಚೆಕ್, ಇನ್ನೂ ಕೆಳಗಿದ್ರೆ ಮತ್ತೆ ಅಷ್ಟೇ. ಚಾಕ್ಲೇಟಲ್ಲಿ ಕೊಬ್ಬು ಇರೋದ್ರಿಂದ ನಿಧಾನ, ನನ್ನ ಡ್ರಾಯರಲ್ಲಿ ಈಗ ಗ್ಲೂಕೋಸ್ ಪುಡಿ. ನಿಜವಾಗ್ಲೂ ಕುಡಿಯೋ ಅಭ್ಯಾಸ ಇದ್ರೆ ಇನ್ನೊಂದು ಮಾತು: ಲಿವರ್ ಆಲ್ಕೋಹಾಲ್ ಕರಗಿಸೋದ್ರಲ್ಲಿ ಬಿಜಿ ಇರತ್ತೆ, ಸಕ್ಕರೆ ಬಿಡಲ್ಲ, ಹಂಗಾಗಿ ಗಂಟೆಗಟ್ಟಲೆ ಆದ್ಮೇಲೆ ನಿದ್ದೇಲಿ ಲೋ ಆಗಬಹುದು.

ಮದುವೆಗೆ ನೋಡ್ತಿದಾರೆ. ಅಮ್ಮ ಈಗ್ಲೇ ಹೇಳ್ಬೇಡ ಅಂತಾಳೆ. ಹೇಳ್ಲಾ ಬೇಡ್ವಾ?

ಹೇಳಿ. ಬಯೋಡೇಟಾದಲ್ಲಿ ಹಾಕ್ಬೇಕಾಗಿಲ್ಲ, ಆದ್ರೆ ಎರಡನೇ ಮಾತುಕತೆಗೆ ಮುಂಚೆ, ನಿಮ್ಮ ಬಾಯಿಂದ, ಹುಡುಗನಿಗೋ ಹುಡುಗಿಗೋ ನೇರವಾಗಿ. ಬ್ರೋಕರ್ ಮೂಲಕ ಅಲ್ಲ, ಸೋದರಮಾವನ ಮೂಲಕ ಅಂತೂ ಬೇಡ್ವೇ ಬೇಡ. ಹೇಳದೆ ಮದುವೆಯಾಗಿ ಬಾತ್‌ರೂಮಲ್ಲಿ ಸಿರಿಂಜ್ ಬಚ್ಚಿಟ್ಟುಕೊಂಡು ಆರು ತಿಂಗಳು ಬದುಕಿದ ಒಬ್ಬಳು ನಂಗೊತ್ತು, ಸಿಕ್ಕಿಬಿದ್ದಾಗ ಗಂಡನ ಮನೆಯವರಿಗೆ ಕಾಯಿಲೆಗಿಂತ "ಮೋಸ" ಅನ್ನೋ ಪದವೇ ದೊಡ್ಡದಾಯ್ತು. ಹುಡುಗರಿಗೆ ಬಂದ್ರೆ "ಆಗತ್ತೆ ಬಿಡಿ ಈಗಿನ ಕಾಲದಲ್ಲಿ", ಹುಡುಗೀರಿಗೆ ಬಂದ್ರೆ "ಮಕ್ಕಳಾಗತ್ತಾ". ಈ ತಕ್ಕಡಿ ನೋಡಿ ನನಗೆ ಇವತ್ತಿಗೂ ಮೈ ಉರಿಯತ್ತೆ.

ಮಕ್ಕಳಾಗತ್ತೆ. ಗರ್ಭ ಧರಿಸೋಕೆ ಮುಂಚೆಯಿಂದ ಶುಗರ್ ಹಿಡಿತದಲ್ಲಿರಬೇಕು, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಟೆಸ್ಟ್) 6.5ರ ಕೆಳಗೆ ಇದ್ರೆ ಒಳ್ಳೇದು ಅಂತಾರೆ, ಅಷ್ಟು ಮುಂಚೆಯೇ ಡಾಕ್ಟರ್ ಜೊತೆ ಶುರು ಮಾಡ್ಬೇಕು. ಮಗುಗೂ ಬರತ್ತಾ ಅಂದ್ರೆ, ಅಮ್ಮನಿಗಿದ್ರೆ ನೂರರಲ್ಲಿ ಒಂದರಿಂದ ನಾಲ್ಕು, ಅಪ್ಪನಿಗಿದ್ರೆ ಸುಮಾರು ಆರು. ಅಪ್ಪನ ಕಡೆಯಿಂದಲೇ ಜಾಸ್ತಿ, ಇದನ್ನ ಮಾತುಕತೆ ಟೈಮಲ್ಲಿ ಹೇಳೋಕೆ ಮರೀಬೇಡಿ.

ಖರ್ಚು ಯೋಚನೆ ಮಾಡಿದ್ರೆ ನಿದ್ದೆ ಬರಲ್ಲ

ಇದೂ ಮಾನಸಿಕ ಸಮಸ್ಯೆನೇ, ಯಾರೂ ಹಂಗೆ ಲೆಕ್ಕಕ್ಕೆ ಇಡಲ್ಲ. ಜೀವ ಇರೋ ತನಕ ತಿಂಗಳ ಬಿಲ್ಲು. ಜನೌಷಧಿ ಅಂಗಡಿಲಿ ಇನ್ಸುಲಿನ್ ಸಿಗತ್ತೆ, ಹಳೇ ಥರದ ಹ್ಯೂಮನ್ ಇನ್ಸುಲಿನ್ ಬೆಲೆಗೆ ಸರ್ಕಾರದ ಮಿತಿ ಇದೆ, ಬೆಂಗಳೂರಲ್ಲಿ ಸರ್ಕಾರದ್ದೇ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಇದೆ. ಪೆನ್ನಿಂದ ವಯಲ್ಲಿಗೆ, ಅಂದ್ರೆ ಸಿರಿಂಜಲ್ಲಿ ಎಳ್ಕೊಳ್ಳೋ ಸಣ್ಣ ಬಾಟಲಿಗೆ ಬದಲಾಯಿಸಿದ್ರೆ ಒಂದು ಎಚ್ಚರ: ನಮ್ಮಲ್ಲಿ ವಯಲ್ ಸಾಮಾನ್ಯವಾಗಿ 40ರದ್ದು, ಅಂದ್ರೆ ಒಂದು ಎಂಎಲ್ಲಿಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100ರದ್ದಕ್ಕೆ ಕಿತ್ತಳೆ ಮುಚ್ಚಳ. ಅದಲುಬದಲಾದ್ರೆ ಡೋಸ್ ಎರಡೂವರೆ ಪಟ್ಟು ಹೆಚ್ಚುಕಮ್ಮಿ ಆಗೋಗತ್ತೆ.

ಇನ್ಶೂರೆನ್ಸ್ ಫಾರ್ಮಲ್ಲಿ ಮುಚ್ಚಿಡಬೇಡಿ, ಕ್ಲೇಮ್ ದಿನ ಸಿಕ್ಕಿಹಾಕ್ಕೋತೀರ. 2024ರಿಂದ ಇರೋ ನಿಯಮದ ಪ್ರಕಾರ ಮೊದಲೇ ಇದ್ದ ಕಾಯಿಲೆಗೆ 36 ತಿಂಗಳಿಗಿಂತ ಜಾಸ್ತಿ ಕಾಯಿಸೋ ಹಾಗಿಲ್ಲ, ಮುಂಚೆ 48 ಇತ್ತು.

## ಒಳಗಿನ ಮಾತು

ಇದು ಡಿಪ್ರೆಷನ್ನಾ ಇಲ್ಲ ಬರೀ ಬೇಜಾರಾ?

ಎರಡರ ಮಧ್ಯೆ ಇನ್ನೊಂದಿದೆ, ಡಯಾಬಿಟಿಸ್ ಡಿಸ್ಟ್ರೆಸ್ ಅಂತ. ವಿಲಿಯಂ ಪೊಲೊನ್ಸ್ಕಿ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಮತ್ತೆ ಅವರ ಜೊತೆಗಾರರು 1995ರಲ್ಲೇ ಅದನ್ನ ಅಳೆಯೋಕೆ ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ರು. ಕಾಯಿಲೆಯ ಕೆಲಸದ ಬಗ್ಗೇನೇ ಸಿಟ್ಟು, ಸಾಕಪ್ಪಾ ಅನ್ನೋದು, ಎಷ್ಟು ಮಾಡಿದ್ರೂ ಸೋತೆ ಅನ್ನೋದು, ಮೀಟರ್ ನೋಡಿದ್ರೆ ಹೊಟ್ಟೇಲಿ ಸಂಕಟ, ಇವೆಲ್ಲ ಡಿಸ್ಟ್ರೆಸ್ಸು. ಮಗಳು ಏನೋ ಜೋಕ್ ಹೇಳಿದಾಗ ಇನ್ನೂ ನಗು ಬರತ್ತೆ. ಡಿಪ್ರೆಷನ್ನಲ್ಲಿ ಆ ನಗೂನೂ ಬರಲ್ಲ, ಯಾವುದರಲ್ಲೂ ರುಚಿ ಇರಲ್ಲ, ಎರಡು ವಾರಕ್ಕಿಂತ ಜಾಸ್ತಿ ಎಳೀತಾ ಹೋಗತ್ತೆ. ಎರಡೂ ಒಟ್ಟಿಗೆ ಇರೋದೂ ಉಂಟು. ಡಿಸ್ಟ್ರೆಸ್ಸಿಗೆ ಮಾತ್ರೆಗಿಂತ ಇನ್ಸುಲಿನ್ ಪ್ಲಾನ್ ಸರಳ ಮಾಡೋದು, ಇದೇ ಕಾಯಿಲೆ ಇರೋ ಇನ್ನೊಬ್ಬರ ಜೊತೆ ಮಾತಾಡೋದು ಉಪಯೋಗಕ್ಕೆ ಬರತ್ತೆ. ಡಿಪ್ರೆಷನ್ನಿಗೆ ಡಾಕ್ಟರೇ ಬೇಕು. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು. ಮನೇಲಿ ಇರೋ ಇನ್ಸುಲಿನ್ ಕಡೆ ನೋಡಿ ಬೇರೆ ಥರ ಯೋಚನೆ ಬಂದ್ರೆ, ಅದೇ ಗಳಿಗೆಲಿ ಮಾಡಿ ಆ ಫೋನ್, ಮನೆಯವರನ್ನ ಎಬ್ಬಿಸಿ.

ರಾತ್ರಿ ಲೋ ಆಗತ್ತೆ ಅಂತ ಭಯಕ್ಕೆ ಬೇಕಂತ್ಲೇ 250 ಇಟ್ಕೊಂಡು ಮಲಗ್ತೀನಿ

ಒಂಟಿಯಾಗಿ ರೂಮ್ ಮಾಡ್ಕೊಂಡಿರೋರು ಇದನ್ನ ತಗ್ಗಿದ ದನೀಲಿ ಹೇಳ್ತಾರೆ, ಕಳ್ಳತನ ಒಪ್ಪಿಕೊಂಡ ಹಾಗೆ. ಒಂದ್ಸಲ ಕೆಟ್ಟ ಲೋ ಆದವರಿಗೆ ಈ ಭಯ ಸಹಜ, ಆದ್ರೆ ವರ್ಷಗಟ್ಟಲೆ 250 ಇದ್ರೆ ಕಣ್ಣು, ಕಿಡ್ನಿ, ನರಕ್ಕೆ ಏಟು ಅನ್ನೋದು ನಿಮಗೂ ಗೊತ್ತು, ಅದೂ ಇನ್ನೊಂದು ಭಯ. ಮೇಲೇ ಇದ್ದು ಅಭ್ಯಾಸ ಆದ ಮೈಗೆ 130 ಬಂದ್ರೂ ಲೋ ಆದಂಗೆ ನಡುಕ ಬರತ್ತೆ. ನಡುಗಿದ ತಕ್ಷಣ ತಿನ್ನೋ ಮುಂಚೆ ಸಾಧ್ಯ ಆದ್ರೆ ಚೆಕ್ ಮಾಡಿ. ಡಾಕ್ಟರ್ ಹತ್ರ ಈ ಮಾತನ್ನ ಇದ್ದ ಹಾಗೇ ಹೇಳಿ, 250ರಿಂದ ನೇರ 120ಕ್ಕೆ ಇಳಿಸ್ಬೇಕಾಗಿಲ್ಲ, ಮೊದಲು 200, ಕೆಲವು ವಾರ ಬಿಟ್ಟು 170. ನೀವು ಹೇಳ್ಲಿಲ್ಲ ಅಂದ್ರೆ ಅವರು ಡೋಸ್ ಏರಿಸ್ತಾ ಹೋಗ್ತಾರೆ, ನೀವು ಹಾಕ್ಕೊಳ್ಳದೆ ಬಿಡ್ತಾ ಹೋಗ್ತೀರ.

ಇನ್ಸುಲಿನ್ ಶುರುವಾದ್ಮೇಲೆ ದಪ್ಪ ಆದೆ. ಒಂದೊಂದು ಡೋಸ್ ಬಿಡ್ತೀನಿ. ಯಾರಿಗೂ ಹೇಳಿಲ್ಲ

ನಂಗೆ ಹೇಳಿದ್ರಲ್ಲ, ಇನ್ನೊಬ್ಬರಿಗೆ ಹೇಳಿ, ನಿಮ್ಮ ಡಾಕ್ಟರಿಗೆ. ಮೊದಲು ವಾಪಸ್ ಬಂದಿದ್ದು ಬಹುತೇಕ ಕಾಯಿಲೆ ಕಿತ್ಕೊಂಡಿದ್ದ ತೂಕವೇ. ನನಗೂ 47ರ ನಡು ನೋಡಿ ಹೊಗಳಿದವರ ಮಾತು ಕಿವೀಲಿತ್ತು, 57 ಆದಾಗ ಬ್ಲೌಸ್ ಬಿಗಿಯಾಗಿ ಅಳು ಬಂದಿತ್ತು. ತೂಕ ಇಳಿಸೋಕೆ ಇನ್ಸುಲಿನ್ ಬಿಡೋದಕ್ಕೆ ಡಯಾಬುಲಿಮಿಯಾ ಅಂತ ಹೆಸರೇ ಇದೆ, ಅಂದ್ರೆ ನೀವೊಬ್ಬರೇ ಅಲ್ಲ, ಇದು ಸೋಮಾರಿತನನೂ ಅಲ್ಲ, ಚಿಕಿತ್ಸೆ ಬೇಕಾದ ತೊಂದರೆ. ಡಯಾಬಿಟಿಸ್ ಡಾಕ್ಟರ್ ಜೊತೆ ಸೈಕಿಯಾಟ್ರಿಸ್ಟೂ ಬೇಕು. ಈ ಮಧ್ಯೆ ವಾಂತಿ, ಹೊಟ್ಟೆನೋವು, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ ಬಂದ್ರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಸೆನ್ಸರ್ ಹಾಕ್ಕೊಂಡ್ಮೇಲೆ ದಿನಕ್ಕೆ ನೂರ್ಸಲ ಫೋನ್ ನೋಡ್ತೀನಿ, ಹುಚ್ಚು ಹಿಡಿಯೋದೊಂದು ಬಾಕಿ

ತೋಳಿಗೆ ಅಂಟಿಸಿ 14 ದಿನ ಇಡೋ, ಶುಗರನ್ನ ಫೋನಲ್ಲಿ ತೋರಿಸೋ ಸೆನ್ಸರ್ ನಂಗೆ ರಾತ್ರಿ ನಿದ್ದೆ ಕೊಡ್ತು, ಹಗಲಿನ ನೆಮ್ಮದಿ ಕಿತ್ಕೊಳ್ತು. ಶುಗರ್ ಏರ್ತಿದೆಯಾ ಇಳೀತಿದೆಯಾ ಅಂತ ಫೋನಲ್ಲಿ ತೋರಿಸೋ ಬಾಣ ಮೇಲೆ ಹೋದ್ರೆ ಎದೆ ಧಸಕ್. ಅದು ರಕ್ತದ್ದಲ್ಲ, ಚರ್ಮದ ಕೆಳಗಿನ ದ್ರವದ ಲೆಕ್ಕ, ಕೆಲವು ನಿಮಿಷ ಹಿಂದೆ ಇರತ್ತೆ, ಹಂಗಾಗಿ ಬಾಣ ನೋಡಿದ ತಕ್ಷಣ ಇನ್ನೊಂದೆರಡು ಯೂನಿಟ್ ಚುಚ್ಕೊಂಡ್ರೆ ಎರಡು ಗಂಟೆ ಬಿಟ್ಟು ನೆಲ ಕಚ್ತೀರ. ನಾನು ಹೈ ಅಲಾರಾಂ ಮೇಲಕ್ಕೆ ಇಟ್ಟು, ಲೋ ಅಲಾರಾಂ ಮಾತ್ರ ಜೋರಾಗಿಟ್ಟಿದೀನಿ. ಮುಟ್ಟಿನ ಮುಂಚಿನ ನಾಲ್ಕೈದು ದಿನ ಏನು ಮಾಡಿದ್ರೂ ಏರತ್ತೆ ನಂಗೆ, ಆ ದಿನಗಳ ಗ್ರಾಫ್ ನೋಡಿ ನನ್ನನ್ನ ನಾನೇ ಬೈಕೊಳ್ಳೋದು ಬಿಟ್ಟಿದೀನಿ. ಕ್ಯಾಶ್ ಬುಕ್ ದಿನಾ ಸಂಜೆ ಟ್ಯಾಲಿ ಆಗ್ಲೇಬೇಕು, ಅದು ನನ್ನ ಕೆಲಸ. ಶುಗರ್ ಟ್ಯಾಲಿ ಆಗಲ್ಲ, ಹಾರ್ಮೋನು, ಬಿಸಿಲು, ಜ್ವರ, ಅತ್ತೆ ಜೊತೆಗಿನ ಮಾತು, ಎಲ್ಲಾ ಅದರಲ್ಲಿ ಬೀಳತ್ತೆ.

ಇಷ್ಟು ವರ್ಷ ಆದ್ಮೇಲಾದ್ರೂ ಅಭ್ಯಾಸ ಆಗತ್ತಾ? ಸುಸ್ತಾಗಿದೆ, ಒಂದಿನ ರಜೆ ಬೇಕು

ಕೈಗೆ ಅಭ್ಯಾಸ ಆಗತ್ತೆ. ಕತ್ತಲಲ್ಲಿ ಸೂಜಿ ಬದಲಾಯಿಸ್ತೀನಿ ನಾನು. ಮನಸ್ಸಿಗೆ ಆಗಿದೆ ಅಂತ ಅಂದ್ಕೊಂಡಿರ್ತೀನಿ, ಒಂದಿನ ಇದ್ದಕ್ಕಿದ್ದಂಗೆ ಯಾರೋ ಫ್ರೆಂಡು ಯೋಚನೆ ಇಲ್ಲದೆ ಒಂದು ಬಾಳೆಹಣ್ಣು ಸುಲಿದು ಬಾಯಿಗೆ ಹಾಕ್ಕೊಳ್ಳೋದು ನೋಡಿ ಗಂಟಲು ಕಟ್ಟತ್ತೆ.

ಇನ್ಸುಲಿನ್ನಿಂದ ರಜೆ ಇಲ್ಲ. ಲೆಕ್ಕದಿಂದ ಸ್ವಲ್ಪ ರಜೆ ತಗೋಬಹುದು. ಒಂದು ವಾರ ಹೊಸ ಅಡುಗೆ ಬೇಡ, ಗೊತ್ತಿರೋ ಅದೇ ಮೂರು ತಿಂಡಿ ತಿರುಗಿಸಿ ತಿನ್ನೋದು, ಟಾರ್ಗೆಟ್ ಸ್ವಲ್ಪ ಸಡಿಲ ಮಾಡೋದು, ಡಾಕ್ಟರಿಗೆ ಹೇಳೇ. ನಮ್ಮನೇಲಿ ಭಾನುವಾರ ಬೆಳಗ್ಗೆ ಕಾರ್ಬ್ ಲೆಕ್ಕ ನಮ್ಮನೆಯವರದ್ದು, ಅವರು ಎಷ್ಟು ಯೂನಿಟ್ ಅಂತಾರೋ ಅಷ್ಟು ಹಾಕ್ಕೋತೀನಿ, ತೀರಾ ತಪ್ಪಿದ್ರೆ ಮಾತ್ರ ಬಾಯ್ಬಿಡೋದು. ಹೋದ ವಾರ ಅಕ್ಕಿ ರೊಟ್ಟಿ ಮಾಡಿದ್ರು, ದಪ್ಪಕ್ಕೆ, ಲೆಕ್ಕ ಮಾತ್ರ ತೆಳ್ಳಗಿನದ್ದಕ್ಕೆ ಹಾಕಿದ್ರು. ಹನ್ನೊಂದು ಗಂಟೆಗೆ 230. ಸಾರಿ ಸಾರಿ ಅಂತ ಹಿಂದೆ ಮುಂದೆ ಓಡಾಡಿದ್ರು, ಮಗಳು ಪೆನ್ ತಂದು ಗುಂಡಿ ತಿರುಗಿಸಿದ್ಲು, ನಾನು ಕೂತಲ್ಲಿಂದ ಏಳಲಿಲ್ಲ.